ಬ್ಯಾಟ್ರಿ ಬೆಳಕು ಬೀಳಬೇಕಾದ್ದು ಕಾಲಿನ ಮುಂದೆ

(ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ರೈತರು, ಆಶಾ ಕಾರ್ಯಕರ್ತೆಯರು ಮತ್ತು ಹೈಸ್ಕೂಲು ಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆಸಿದವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಈಗ ಬಂದಿರೋ ಎಲ್‌ಇಡಿ ಬ್ಯಾಟ್ರಿ ಕಣ್ಣಿಗೆ ಬಿದ್ರೆ ಕಣ್ಣು ಹೋಗುತ್ತಾ?" ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎದುರಿಗೆ ಬಂದವರ ಟಾರ್ಚು ಒಂದು ಕ್ಷಣ ಮುಖಕ್ಕೆ ಬಿತ್ತು, ನೀವು ಕಣ್ಣು ಮುಚ್ಚಿದಿರಿ, ತಲೆ ತಿರುಗಿಸಿದಿರಿ. ಅಷ್ಟಕ್ಕೆ ಕಣ್ಣು ಹೋಗುವುದಿಲ್ಲ. ಆ ಭಯ ಬೇಡ.

ಆದರೆ ಆಮೇಲಿನ ಕೆಲವು ನಿಮಿಷ ನಿಮಗೆ ಏನೂ ಕಾಣುವುದಿಲ್ಲ ಅಲ್ವಾ? ನಾನು ಇವತ್ತು ಹೆಚ್ಚು ಮಾತಾಡಬೇಕಾದ್ದು ಆ ನಿಮಿಷಗಳ ಬಗ್ಗೆ. ನಮ್ಮ ಕಡೆ ರಾತ್ರಿ ಹೊಲಕ್ಕೆ ಹೋಗುವ ದಾರಿ ಎಂಥದ್ದು ಅಂತ ನಿಮಗೇ ಗೊತ್ತು. ತ್ರೀ ಫೇಸ್ ಕರೆಂಟು ಎಷ್ಟೋ ಸಲ ಬರುವುದೇ ರಾತ್ರಿ. ಮೋಟರು ಹಾಕಲು ಎದ್ದು ಹೋಗಬೇಕು. ಬದುವಿನ ಮೇಲೆ ನಡೆಯಬೇಕು. ಪಕ್ಕದಲ್ಲಿ ಕಟ್ಟೆ ಇಲ್ಲದ ಹಳೇ ಬಾವಿ ಇರುತ್ತದೆ. ಇಲ್ಲವೇ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಆ ಪ್ಲಾಸ್ಟಿಕ್ಕಿನ ಮೇಲೆ ಕಾಲು ಜಾರಿದರೆ ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ. ಅಂಥ ಜಾಗದಲ್ಲಿ ಎದುರಿನವರು ಪ್ರೀತಿಯಿಂದಲೇ "ಯಾರಪ್ಪಾ ಅದು?" ಅಂತ ಮುಖಕ್ಕೆ ಬ್ಯಾಟ್ರಿ ಬಿಟ್ಟರೆ, ಆ ಒಂದು ಸೆಕೆಂಡಿನ ಬೆಳಕು ನಿಮ್ಮನ್ನು ಹೊಂಡದ ಅಂಚಿನಲ್ಲಿ ಕುರುಡರನ್ನಾಗಿ ನಿಲ್ಲಿಸುತ್ತದೆ.

ಇದು ಯಾಕೆ ಹಾಗಾಗುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಕಣ್ಣಿನ ನಡುವೆ ಕಪ್ಪಗೆ ಕಾಣುವ ಪಾಪೆ ಇದೆಯಲ್ಲ, ಅದು ಬೆಳಕು ಒಳಗೆ ಹೋಗುವ ಕಿಂಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಸುಮಾರು 2 ಮಿಲಿಮೀಟರ್‌ಗೆ ಕುಗ್ಗುತ್ತದೆ. ಕಗ್ಗತ್ತಲಲ್ಲಿ, ಅದರಲ್ಲೂ ವಯಸ್ಸಿನ ಹುಡುಗರಲ್ಲಿ, 7-8 ಮಿಲಿಮೀಟರ್‌ವರೆಗೆ ಅಗಲವಾಗುತ್ತದೆ. ಅಡ್ಡಳತೆ ನಾಲ್ಕು ಪಟ್ಟು ಅಂದರೆ ಒಳಗೆ ನುಗ್ಗುವ ಬೆಳಕು ಹದಿನಾರು ಪಟ್ಟು. ಅದಕ್ಕೇ ಹಗಲಲ್ಲಿ ನೋಡಿದರೆ ಏನೂ ಅನ್ನಿಸದ ಟಾರ್ಚು ರಾತ್ರಿ ಕಣ್ಣಿಗೆ ಚುಚ್ಚಿದ ಹಾಗಾಗುತ್ತದೆ.

ಪಾಪೆಯ ಹಿಂದೆ ಲೆನ್ಸು. ಅದರ ಹಿಂದೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡ ತೆಳುವಾದ ಪರದೆ. ಅದನ್ನು ರೆಟಿನಾ ಅನ್ನುತ್ತೇವೆ. ಅದರಲ್ಲಿ ಎರಡು ಬಗೆಯ ಕಣಗಳಿವೆ. ಒಂದು ಬಗೆಯವು ಹಗಲಿಗೆ, ಬಣ್ಣಕ್ಕೆ. ಇನ್ನೊಂದು ಬಗೆಯವು ಮಂದ ಬೆಳಕಿಗೆ, ರಾತ್ರಿಗೆ. ರಾತ್ರಿಯ ಕಣಗಳಲ್ಲಿ ರೊಡಾಪ್ಸಿನ್ ಅನ್ನುವ ವಸ್ತು ಇರುತ್ತದೆ. ಬೆಳಕು ಬಿದ್ದರೆ ಅದು ಒಡೆಯುತ್ತದೆ, ಕತ್ತಲಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಒಡೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಪೂರ್ತಿ ಕೂಡಿಕೊಳ್ಳಲು ಮಾತ್ರ 20ರಿಂದ 30 ನಿಮಿಷ ಬೇಕು. ಮನೆಯಿಂದ ಹೊರಟು ಅರ್ಧ ಗಂಟೆ ಕತ್ತಲಲ್ಲಿ ನಡೆದು ಗಳಿಸಿದ ರಾತ್ರಿ ನೋಟವನ್ನು ಎದುರಿನ ಟಾರ್ಚು ಒಂದೇ ಕ್ಷಣದಲ್ಲಿ ಕಿತ್ತುಕೊಳ್ಳುತ್ತದೆ. ಕಣ್ಣ ಮುಂದೆ ಹಸಿರೋ ನೇರಳೆಯೋ ಬಣ್ಣದ ಮಚ್ಚೆ ತೇಲುತ್ತದೆ. ನೀವು ಎತ್ತ ನೋಡಿದರೂ ಅದು ಅತ್ತಲೇ ಬರುತ್ತದೆ. ಆ ಮಚ್ಚೆ ಕೆಲವು ನಿಮಿಷದಲ್ಲಿ ಕರಗುತ್ತದೆ. ರಾತ್ರಿ ನೋಟ ಮರಳಲು ಇನ್ನೂ ಹೊತ್ತು ಬೇಕು.

ಆ ರೊಡಾಪ್ಸಿನ್ ಮಾಡಲು ದೇಹಕ್ಕೆ ಎ ವಿಟಮಿನ್ ಬೇಕು. ಅದು ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ. ಆಶಾ ಅಕ್ಕಂದಿರಿಗೆ ಇದು ಹೊಸದಲ್ಲ. ಸಂಜೆಯಾದ ಮೇಲೆ ತಡವರಿಸುವ ಮಗು ಕಂಡರೆ, ಟಾರ್ಚಿನ ಮಾತು ಪಕ್ಕಕ್ಕಿಟ್ಟು ಮೊದಲು ಅದನ್ನು ಆಸ್ಪತ್ರೆಗೆ ಕಳಿಸಿ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ತಾತ ಕೈ ಎತ್ತಿದರು. "ನನ್ನ ಮೊಮ್ಮಗ ದೂರದಲ್ಲಿ ಬ್ಯಾಟ್ರಿ ಬಿಟ್ರೂ ನನಗೆ ಪೂರ್ತಿ ಮಂಜು ಮಂಜಾಗುತ್ತೆ. ಅವನು ತಾತ ಸುಮ್ನೆ ಕೂಗಾಡ್ತಾನೆ ಅಂತಾನೆ" ಅಂದರು.

ತಾತ ಸುಮ್ನೆ ಕೂಗಾಡುತ್ತಿಲ್ಲ. ವಯಸ್ಸಾದಂತೆ ಕಣ್ಣಿನ ಲೆನ್ಸು ಮಬ್ಬಾಗುತ್ತದೆ. ಪೊರೆ ಅನ್ನುವುದು ಅದನ್ನೇ. ಅದರ ಮೂಲಕ ಹಾಯುವ ಬೆಳಕು ನೇರವಾಗಿ ಹೋಗದೆ ಕಣ್ಣೊಳಗೆಲ್ಲ ಚೆದರುತ್ತದೆ. ಟಾರ್ಚು ಒಂದು ಮೂಲೆಯಲ್ಲಿದ್ದರೂ ಇಡೀ ನೋಟದ ಮೇಲೆ ಬಿಳಿ ಪರದೆ ಎಳೆದ ಹಾಗೆ ಕಾಣುತ್ತದೆ. ಮೊಮ್ಮಗನಿಗೆ ಕಿರಿಕಿರಿ ಅನ್ನಿಸುವ ಬೆಳಕಿನಲ್ಲಿ ತಾತನಿಗೆ ದಾರಿಯೇ ಅಳಿಸಿಹೋಗುತ್ತದೆ. ಇಂಥ ತೊಂದರೆ ಜಾಸ್ತಿಯಾಗುತ್ತಿದ್ದರೆ ಪೊರೆ ತೋರಿಸಿಕೊಳ್ಳುವ ಹೊತ್ತು ಬಂದಿದೆ ಅಂತ ಅರ್ಥ. ತಾತ, ನೀವು ಸಭೆ ಮುಗಿದ ಮೇಲೆ ನನ್ನನ್ನು ನೋಡಿಯೇ ಹೋಗಬೇಕು.

ಈಗ ಟಾರ್ಚಿನ ಕಡೆ ಬರೋಣ. ನಮ್ಮ ಕಾಲದ ಎರಡು ಸೆಲ್ಲಿನ ಬಲ್ಬ್ ಟಾರ್ಚು ನೆನಪಿದೆಯಲ್ಲ? ಹಳದಿ ಬೆಳಕು, ಸೆಲ್ಲು ಮುಗಿಯುತ್ತಾ ಬಂದರೆ ಕೆಂಪಗಾಗುತ್ತಿತ್ತು. ಅದು ಕೊಡುತ್ತಿದ್ದದ್ದು ಹದಿನೈದು ಇಪ್ಪತ್ತು ಲ್ಯೂಮೆನ್. ಇವತ್ತು ಅಂಗೈಯಲ್ಲಿ ಹಿಡಿಸುವ ಎಲ್‌ಇಡಿ ಟಾರ್ಚು ಸಾವಿರ ಲ್ಯೂಮೆನ್ ಕೊಡುತ್ತದೆ. ಬಿಳಿ ಎಲ್‌ಇಡಿ ಬಂದದ್ದು ನೀಲಿ ಎಲ್‌ಇಡಿಯಿಂದ. ಅದನ್ನು ಮಾಡಿ ತೋರಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ದೊಡ್ಡ ಕೆಲಸ ಅದು. ಸೀಮೆಎಣ್ಣೆ ಬುಡ್ಡಿಯ ಹೊಗೆಯಲ್ಲಿ ಓದಿದವರಿಗೆ ಅದರ ಬೆಲೆ ಗೊತ್ತು. ಬಿಳಿ ಎಲ್‌ಇಡಿಯೊಳಗೆ ಇರುವುದು ನೀಲಿ ಬೆಳಕು ಕೊಡುವ ಪುಟ್ಟ ಚಿಪ್. ಮೇಲೆ ಹಳದಿ ಪುಡಿಯ ಲೇಪ. ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ಹಾಗಾಗಿ ಬಿಳಿ ಬೆಳಕಿನೊಳಗೆ ನೀಲಿಯ ಪಾಲು ದೊಡ್ಡದೇ ಇರುತ್ತದೆ. ಈ ನೀಲಿಯ ಮಾತಿಗೆ ಮತ್ತೆ ಬರುತ್ತೇನೆ.

ಅಂಗಡಿಯವರು ಲ್ಯೂಮೆನ್ ಹೇಳುತ್ತಾರೆ. ಕಣ್ಣಿಗೆ ಅದಕ್ಕಿಂತ ಮುಖ್ಯವಾದ ಲೆಕ್ಕ ಕ್ಯಾಂಡೆಲಾ. ಹೊಲಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ನೀರು ಜಾಸ್ತಿಯಾಗುವುದಿಲ್ಲ, ಆದರೆ ದೂರಕ್ಕೆ ಚಿಮ್ಮುತ್ತದೆ, ಮುಖಕ್ಕೆ ಬಿದ್ದರೆ ಹೊಡೆದ ಹಾಗಾಗುತ್ತದೆ. ಒಟ್ಟು ಬೆಳಕು ಎಷ್ಟು ಅನ್ನುವುದು ಲ್ಯೂಮೆನ್. ಅದನ್ನು ಎಷ್ಟು ಒತ್ತಾಗಿ ಒಂದೇ ಕಡೆ ಬಿಡುತ್ತದೆ ಅನ್ನುವುದು ಕ್ಯಾಂಡೆಲಾ.

ಇದನ್ನು ನೀವೇ ಲೆಕ್ಕ ಹಾಕಬಹುದು. ಹೈಸ್ಕೂಲು ಮಕ್ಕಳು ನೋಟ್‌ಬುಕ್ ತೆಗೆಯಿರಿ. ಒಳ್ಳೆ ಟಾರ್ಚಿನ ಡಬ್ಬಿಯ ಮೇಲೆ ಬೆಳಕು ಎಷ್ಟು ಮೀಟರ್ ಹೋಗುತ್ತದೆ ಅಂತ ಬರೆದಿರುತ್ತಾರೆ. ಹೋಗುತ್ತದೆ ಅಂದರೆ, ಅಷ್ಟು ದೂರದಲ್ಲಿ ಹುಣ್ಣಿಮೆ ಬೆಳದಿಂಗಳಷ್ಟು, ಕಾಲು ಲಕ್ಸ್, ಉಳಿದಿರುತ್ತದೆ ಅಂತ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಆ ಮೀಟರನ್ನು ಅರ್ಧ ಮಾಡಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಕ್ಯಾಂಡೆಲಾ ಸಿಗುತ್ತದೆ. 200 ಮೀಟರ್ ಅಂತ ಇದ್ದರೆ ಅರ್ಧ 100, ನೂರು ನೂರಲ 10,000 ಕ್ಯಾಂಡೆಲಾ. ಈಗ ಅದನ್ನು ದೂರದಿಂದ ಎರಡು ಸಲ ಭಾಗಿಸಿ. 10 ಮೀಟರ್ ದೂರದಲ್ಲಿ ನಿಂತವರ ಮುಖದ ಮೇಲೆ 100 ಲಕ್ಸ್. ರಾತ್ರಿ ದೀಪ ಹಾಕಿದ ಕೋಣೆಯಷ್ಟು. 2 ಮೀಟರ್‌ಗೆ ಬಂದರೆ 2,500. ಒಂದೇ ಮೀಟರ್‌ನಲ್ಲಿ 10,000 ಲಕ್ಸ್. ಇನ್ನು 1 ಕಿಲೋಮೀಟರ್ ಹೋಗುತ್ತದೆ ಅನ್ನುವ ಟಾರ್ಚು ತೆಗೆದುಕೊಳ್ಳಿ. ಆ ಮಾತು ನಿಜವೇ ಆದರೆ ಅದು 2,50,000 ಕ್ಯಾಂಡೆಲಾ. ಮೇ ತಿಂಗಳ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ಒಂದೆರಡು ಮೀಟರ್ ಹತ್ತಿರದಲ್ಲಿ, ಕತ್ತಲಿಗೆ ಪೂರ್ತಿ ತೆರೆದುಕೊಂಡ ಕಣ್ಣಿಗೆ, ಒಮ್ಮೆಲೇ ಮಟಮಟ ಮಧ್ಯಾಹ್ನದ ಬೆಳಕು ಹೊಡೆದ ಹಾಗೆ. ತೀರಾ ಹತ್ತಿರದಲ್ಲಿ ಈ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ಆದರೆ ವಿಷಯ ಅರ್ಥವಾಯಿತಲ್ಲ.

ಕೆಜಿಎಫ್‌ನಲ್ಲಿ ಗಣಿಯೊಳಗೆ ಇಳಿದು ದುಡಿದ ಹಿರಿಯರು ಈ ಸಭೆಯಲ್ಲಿದ್ದೀರಿ. ಬೆಳಕಿನ ವಿಚಾರದಲ್ಲಿ ನೀವು ನಮಗೆಲ್ಲ ಪಾಠ ಹೇಳಬೇಕಾದವರು. ಶಿವನಸಮುದ್ರದಿಂದ ತಂತಿ ಎಳೆದು ಆ ಗಣಿಗೆ ಕರೆಂಟು ತಂದದ್ದು 1902ರಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಷ್ಟು ವರ್ಷ ನೆಲದಡಿಯ ಕತ್ತಲಲ್ಲಿ ಜನ ದುಡಿದರು. ಗಣಿ ಕೆಲಸದಲ್ಲಿ ಒಂದು ಮರ್ಯಾದೆ ಇದೆ. ತಲೆಯ ದೀಪವನ್ನು ಇನ್ನೊಬ್ಬರ ಮುಖಕ್ಕೆ ತಿರುಗಿಸುವುದಿಲ್ಲ. ಮಾತಾಡುವಾಗ ತಲೆಯನ್ನು ಸ್ವಲ್ಪ ಓರೆ ಮಾಡಿ, ಬೆಳಕು ಎದುರಿನವರ ಎದೆಗೋ ಭುಜಕ್ಕೋ ಬೀಳುವ ಹಾಗೆ ನಿಲ್ಲುತ್ತಾರೆ. ಅಲ್ಲಿ ಒಬ್ಬನ ಕಣ್ಣು ಕುಕ್ಕಿದರೆ ಅವನ ಪಕ್ಕದಲ್ಲಿ ತಗ್ಗಿರುತ್ತದೆ, ಯಂತ್ರ ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ಆ ಮರ್ಯಾದೆ ನಮ್ಮ ಹೊಲದ ಬದುವಿಗೂ ಬರಲಿ ಅಂತ ನನ್ನ ಆಸೆ. ತಲೆಗೆ ಕಟ್ಟುವ ಟಾರ್ಚು ಈಗ ಎಲ್ಲ ಕಡೆ ಬಂದಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ಬೆಳಗಿನ ಜಾವ ಹಾಲು ಕರೆಯುವವರು ಕಟ್ಟಿಕೊಳ್ಳುತ್ತಾರೆ. ಎರಡೂ ಕೈ ಬಿಡುವಾಗುತ್ತದೆ, ಒಳ್ಳೆಯದೇ. ಆದರೆ ಯಾರಾದರೂ ಕರೆದ ತಕ್ಷಣ ಮುಖ ತಿರುಗಿಸುತ್ತೇವೆ, ದೀಪವೂ ತಿರುಗುತ್ತದೆ. ಕಟ್ಟಿಕೊಳ್ಳುವಾಗಲೇ ಅದನ್ನು ಕೆಳಕ್ಕೆ ಬಗ್ಗಿಸಿಡಿ.

ನಮ್ಮದೇ ಟಾರ್ಚು ನಮ್ಮ ಕಣ್ಣನ್ನೇ ಕೆಡಿಸುವ ಜಾಗಗಳೂ ಇವೆ. ಟೊಮೆಟೊ ಬೆಳೆಯುವವರಿಗೆ ಗೊತ್ತು, ಸಾಲಿನುದ್ದಕ್ಕೂ ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟು ಹಾಸಿರುತ್ತೇವೆ. ಜೋರು ಬೆಳಕು ಅದರ ಮೇಲೆ ಬಿಟ್ಟರೆ ಅಷ್ಟೂ ವಾಪಸ್ ಮುಖಕ್ಕೆ ಬರುತ್ತದೆ. ಹೊಂಡದ ನೀರು, ಜಿಂಕ್ ಶೀಟು, ಮಂಜು ಬಿದ್ದ ಬೆಳಗು, ಇಲ್ಲೆಲ್ಲ ಜೋರು ಬೆಳಕಿಗಿಂತ ಮಂದ ಬೆಳಕಲ್ಲೇ ಚೆನ್ನಾಗಿ ಕಾಣುತ್ತದೆ.

ಹಾಗಂತ ಟಾರ್ಚು ಬಿಟ್ಟು ನಡೆಯಿರಿ ಅಂತ ನಾನು ಹೇಳಿದೆ ಅಂದುಕೊಳ್ಳಬೇಡಿ. ದಯವಿಟ್ಟು ಬೇಡ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಇರುವ ನೆಲ ನಮ್ಮದು. ಟಾರ್ಚಿಲ್ಲದೆ ರಾತ್ರಿ ಹೊಲಕ್ಕೆ ಕಾಲಿಡುವುದು ಟಾರ್ಚು ಕಣ್ಣಿಗೆ ಬೀಳುವುದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಅಪಾಯ. ಬೆಳಕು ಇರಲಿ, ನಿಮ್ಮ ಕಾಲಿನ ಮುಂದೆ ಎರಡು ಮೂರು ಮಾರು ದೂರದಲ್ಲಿ ನೆಲದ ಮೇಲೆ ಇರಲಿ. ಎದುರಿಗೆ ಯಾರೋ ಬಂದರೆ ಅವರ ಕಾಲಿನ ಹತ್ತಿರ ನೆಲಕ್ಕೆ ಬಿಡಿ. ನೆಲದಿಂದ ಮೇಲೆದ್ದ ಬೆಳಕಿನಲ್ಲೇ ಮುಖದ ಗುರುತು ಸಿಗುತ್ತದೆ. ಸಿಗದಿದ್ದರೆ ಬಾಯಿ ಬಿಟ್ಟು ಕೇಳಿ. ಕೆಂಪು ಬೆಳಕು ರಾತ್ರಿ ನೋಟವನ್ನು ಕೆಡಿಸುವುದು ಕಡಿಮೆ, ಅದಕ್ಕೆ ಕೆಲವು ಟಾರ್ಚಿನಲ್ಲಿ ಕೆಂಪು ದೀಪ ಕೊಟ್ಟಿರುತ್ತಾರೆ. ನಕ್ಷತ್ರ ನೋಡುವವರಿಗೆ ಅದು ಸರಿ. ಹಾವು ಗುರುತಿಸಲು ಮಂದ ಬಿಳಿ ಬೆಳಕೇ ವಾಸಿ ಅಂತ ನನ್ನ ಅಭಿಪ್ರಾಯ.

ರಸ್ತೆಯಲ್ಲಿ ನಡೆಯುವಾಗಲೂ ಅಷ್ಟೇ. ಎದುರಿನ ಗಾಡಿಗೆ ನಾವು ಕಾಣಲಿ ಅಂತ ಡ್ರೈವರ್ ಮುಖಕ್ಕೇ ಬ್ಯಾಟ್ರಿ ಬೀಸುತ್ತೇವೆ. ಆಗ ಅವನಿಗೆ ಕಾಣುವುದು ಬೆಳಕು ಮಾತ್ರ, ಹಿಂದಿರುವ ಮನುಷ್ಯ ಅಲ್ಲ. ಬೆಳಕನ್ನು ನಿಮ್ಮ ಕಾಲಿಗೆ, ಪಂಚೆಗೆ, ಸೀರೆಗೆ ಬಿಟ್ಟುಕೊಳ್ಳಿ. ನಡೆಯುತ್ತಿರುವ ಕಾಲು ಕಂಡರೆ ಅವನಿಗೆ ಮನುಷ್ಯ ಅಂತ ಗೊತ್ತಾಗುತ್ತದೆ. ನೀವೇ ಬೈಕಿನಲ್ಲಿದ್ದು ಎದುರಿನ ಲಾರಿ ಹೈ ಬೀಮ್ ಹಾಕಿಕೊಂಡು ಬಂದರೆ, ದೀಪವನ್ನು ದಿಟ್ಟಿಸಬೇಡಿ. ವೇಗ ಇಳಿಸಿ, ರಸ್ತೆಯ ಎಡ ಅಂಚನ್ನು ನೋಡುತ್ತಾ ಬನ್ನಿ.

ಕಾಮಸಮುದ್ರ, ಬೂದಿಕೋಟೆ ಕಡೆಯವರು ಆನೆಯ ಮಾತು ಎತ್ತುತ್ತೀರಿ ಅಂತ ಗೊತ್ತಿತ್ತು. ಆನೆ ಬಂದ ರಾತ್ರಿ ಹತ್ತಾರು ಜನ ಹತ್ತಾರು ಕಡೆಯಿಂದ ಜೋರು ಟಾರ್ಚು ಬಿಡುತ್ತಾರೆ. ಆಗ ಎದುರು ಬದಿಯವರ ಕಣ್ಣು ಕತ್ತಲಾಗಿ, ಆನೆ ಎಲ್ಲಿದೆ ಅಂತಲೇ ಕಾಣದೆ ಓಡುವ ಪರಿಸ್ಥಿತಿ ಬರುತ್ತದೆ. ಆನೆ ಓಡಿಸುವುದು ಅರಣ್ಯ ಇಲಾಖೆಯ ಕೆಲಸ, ಅವರಿಗೇ ಬಿಡಿ. ಕೈಯಲ್ಲಿ ಟಾರ್ಚು ಇದೆ ಅನ್ನುವ ಧೈರ್ಯದ ಮೇಲೆ ಹತ್ತಿರ ಹೋಗಬೇಡಿ.

ಇನ್ನು ಕಣ್ಣು ನಿಜವಾಗಿ ಸುಡುವ ವಿಷಯ.

ರೆಟಿನಾಗೆ ಬೆಳಕಿನಿಂದ ಪೆಟ್ಟು ಬೀಳುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು ಶಾಖದಿಂದ, ತಕ್ಷಣ. ಇನ್ನೊಂದು ನೀಲಿ ಬೆಳಕು ನಿಧಾನವಾಗಿ ಮಾಡುವ ರಾಸಾಯನಿಕ ಹಾನಿ. ಈ ಎರಡನೆಯದಕ್ಕೆ ಹೊತ್ತು ಮುಖ್ಯ. ಬೆಳಕು ಎಷ್ಟು ಜೋರು ಮತ್ತು ಎಷ್ಟು ಹೊತ್ತು ನೋಡಿದೆವು, ಎರಡನ್ನೂ ಗುಣಿಸಿ ಲೆಕ್ಕ ಹಾಕಬೇಕು. ಗ್ರಹಣದ ಸೂರ್ಯನನ್ನು ಬರಿಗಣ್ಣಲ್ಲಿ ದಿಟ್ಟಿಸಿದವರಿಗೆ ಆಗುವುದು ಬಹುಪಾಲು ಇದೇ. ಸಾಮಾನ್ಯ ಎಲ್‌ಇಡಿ ಟಾರ್ಚಿನ ಚಿಪ್ ಸೂರ್ಯನ ಬಿಂಬಕ್ಕಿಂತ ಎಷ್ಟೋ ಪಟ್ಟು ಕಡಿಮೆ ಪ್ರಖರ. ಅದಕ್ಕೇ ಒಂದು ಕ್ಷಣದ ನೋಟಕ್ಕೆ ಸುಡುವುದಿಲ್ಲ.

ದೀಪಗಳಿಗೆ ಐಇಸಿ 62471 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ, 2006ರದ್ದು. ಅದು ದೀಪಗಳನ್ನು ಅಪಾಯದ ಮೇಲೆ ನಾಲ್ಕು ಗುಂಪು ಮಾಡುತ್ತದೆ. ಮೊದಲ ಗುಂಪಿಗೆ ಅಪಾಯವಿಲ್ಲ, ಕೊನೆಯದಕ್ಕೆ ಕ್ಷಣದ ನೋಟವೂ ಅಪಾಯ. ನಡುವೆ 2ನೇ ಅಪಾಯ ಗುಂಪು ಅಂತ ಒಂದಿದೆ. ಅಲ್ಲಿ ನಮ್ಮನ್ನು ಕಾಪಾಡುವುದು ನಮ್ಮ ರೆಪ್ಪೆ. ಜೋರು ಬೆಳಕು ಬಿದ್ದರೆ ಮನುಷ್ಯ ಕಾಲು ಸೆಕೆಂಡಿನಲ್ಲಿ ಕಣ್ಣು ಮುಚ್ಚುತ್ತಾನೆ ಅಥವಾ ಮುಖ ತಿರುಗಿಸುತ್ತಾನೆ ಅನ್ನುವ ನಂಬಿಕೆಯ ಮೇಲೆ ಆ ಗುಂಪು ನಿಂತಿದೆ. ಜೋರಾದ ಟಾರ್ಚುಗಳು ಈ ಗುಂಪಿಗೆ ಬರಬಹುದು.

ಈಗ ಮಕ್ಕಳ ಆಟ ನೆನಪು ಮಾಡಿಕೊಳ್ಳಿ. ಕರೆಂಟು ಹೋದಾಗ ಟಾರ್ಚನ್ನು ಮುಖದ ಹತ್ತಿರ ಹಿಡಿದು, "ರೆಪ್ಪೆ ಬಡಿಯದೆ ಯಾರು ಜಾಸ್ತಿ ಹೊತ್ತು ನೋಡ್ತಾರೆ" ಅಂತ ಪಂದ್ಯ ಕಟ್ಟುತ್ತಾರೆ. ದೇವರು ಕೊಟ್ಟ ಒಂದೇ ಒಂದು ಕಾವಲನ್ನು ಆ ಪಂದ್ಯ ಕಿತ್ತು ಹಾಕುತ್ತದೆ. ಜೊತೆಗೆ ಮಕ್ಕಳ ಕಣ್ಣಿನ ಲೆನ್ಸು ತಿಳಿಯಾಗಿರುತ್ತದೆ, ದೊಡ್ಡವರ ಲೆನ್ಸಿನ ಹಳದಿ ಛಾಯೆ ಅದಕ್ಕಿರುವುದಿಲ್ಲ. ಹಾಗಾಗಿ ನೀಲಿ ಬೆಳಕು ಹೆಚ್ಚು ಒಳಗೆ ಹೋಗುತ್ತದೆ. ಮಕ್ಕಳೇ, ಈ ಒಂದು ಆಟ ಬೇಡ. ಇದನ್ನು ನಾನು ಕೈ ಮುಗಿದು ಕೇಳುತ್ತೇನೆ.

ಸಾಮಾನ್ಯ ಬಳಕೆಯಲ್ಲಿ ಎಲ್‌ಇಡಿಯಿಂದ ಆರೋಗ್ಯವಂತರಿಗೆ ಹಾನಿ ಆದ ಪುರಾವೆ ಇಲ್ಲ ಅಂತ ಯುರೋಪಿನ ವಿಜ್ಞಾನಿಗಳ ಸಮಿತಿ 2018ರಲ್ಲಿ ಹೇಳಿತು. ಮಕ್ಕಳು ಮತ್ತು ವಯಸ್ಸಾದವರ ಬಗ್ಗೆ ಮಾತ್ರ ಎಚ್ಚರ ಬೇಕು ಅಂದಿತು. ಮರುವರ್ಷ ಫ್ರಾನ್ಸಿನಲ್ಲಿ ಜನರ ಆರೋಗ್ಯ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಆನ್ಸೆಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟಾರ್ಚು, ಆಟಿಕೆಗಳಂಥ ವಸ್ತುಗಳಲ್ಲಿ ತೀರಾ ಪ್ರಖರವಾದ ಎಲ್‌ಇಡಿಗಳನ್ನು ಜನಸಾಮಾನ್ಯರಿಗೆ ಮಾರುವುದಕ್ಕೆ ಮಿತಿ ಹಾಕಿ ಅಂತ ಸಲಹೆ ಕೊಟ್ಟಿತು. ನನಗೆ ಎರಡೂ ಮಾತು ಸರಿ ಅನ್ನಿಸುತ್ತದೆ. ಮನೆಯ ಬಲ್ಬಿಗೆ ಹೆದರಬೇಡಿ. ಮಗುವಿನ ಕೈಗೆ ದೊಡ್ಡವರ ಟಾರ್ಚು ಕೊಡಬೇಡಿ.

ಲೇಸರ್ ವಿಷಯದಲ್ಲಿ ಮಾತ್ರ ನಾನು ಇಷ್ಟು ಸಮಾಧಾನವಾಗಿ ಮಾತಾಡುವುದಿಲ್ಲ. ಜಾತ್ರೆಯಲ್ಲಿ ಕೀ ಚೈನಿಗೆ ಸಿಕ್ಕಿಸಿ ಮಾರುತ್ತಾರೆ. ಮಾವಿನ ತೋಪಿನಲ್ಲಿ ಕೋತಿ, ಹಕ್ಕಿ ಓಡಿಸಲು ಹಸಿರು ಲೇಸರ್ ತರಿಸಿಕೊಳ್ಳುತ್ತಾರೆ. ನೋಡಲು ಟಾರ್ಚಿನ ಹಾಗೇ ಇರುತ್ತದೆ. ಆದರೆ ಟಾರ್ಚಿನ ಬೆಳಕು ಹರಡುತ್ತದೆ, ಲೇಸರ್ ಹರಡುವುದು ತೀರಾ ಕಡಿಮೆ. ಕಣ್ಣಿನ ಲೆನ್ಸು ಆ ಎಳೆಯನ್ನು ರೆಟಿನಾದ ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಕೂಡಿಸುತ್ತದೆ. ಪಾಪೆಯ ಹತ್ತಿರ ಇದ್ದದ್ದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಒತ್ತಾಗುತ್ತದೆ. ಆ ಸೂಜಿಮೊನೆ ಬೀಳುವ ಜಾಗ ರೆಟಿನಾದ ನಟ್ಟನಡು. ನಾವು ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಆ ಚುಕ್ಕೆಯಿಂದಲೇ. 1 ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿ ಇರುವ ಲೇಸರ್ ಬಿದ್ದಾಗ ರೆಪ್ಪೆ ಕಾಪಾಡೀತು. 5 ಮಿಲಿವ್ಯಾಟ್ ದಾಟಿದರೆ ರೆಪ್ಪೆಯನ್ನು ನಂಬುವ ಹಾಗಿಲ್ಲ. ಅಗ್ಗದ ಲೇಸರ್ ಮೇಲಿನ ಚೀಟಿಯನ್ನೂ ನಂಬುವ ಹಾಗಿಲ್ಲ, ಬರೆದದ್ದಕ್ಕಿಂತ ಒಳಗೆ ಹೆಚ್ಚು ಇರುವುದು ಸಾಮಾನ್ಯ. ಮಕ್ಕಳು ಕನ್ನಡಿಯ ಮುಂದೆ ನಿಂತು ಲೇಸರ್ ಬಿಟ್ಟುಕೊಂಡು ನೋಟದ ನಡುವೆಯೇ ಕಲೆ ಮಾಡಿಕೊಂಡದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟೋ ಸಲ ದಾಖಲಾಗಿದೆ. ಅದಕ್ಕೆ ಖಚಿತವಾದ ಔಷಧಿ ಇಲ್ಲ. ಕೆಲವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸುಧಾರಿಸುತ್ತದೆ. ಕೆಲವರಿಗೆ ಹಾಗೇ ಉಳಿಯುತ್ತದೆ. ಮನೆಯಲ್ಲಿ ಆಟಿಕೆ ಲೇಸರ್ ಇದ್ದರೆ ಇವತ್ತೇ ಮಕ್ಕಳ ಕೈಯಿಂದ ತೆಗೆದಿಡಿ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ಕಡೆಗೆ ಅದನ್ನು ಬಿಡುವುದಂತೂ ಆಟವೇ ಅಲ್ಲ. ನೂರಾರು ಜನರನ್ನು ಇಳಿಸುತ್ತಿರುವ ಪೈಲಟ್ ಕಣ್ಣು ಕುಕ್ಕುತ್ತದೆ.

ನೋಟು ಪರೀಕ್ಷೆಗೆ, ಚೇಳು ಹುಡುಕಲು ನೇರಳೆ ಬಣ್ಣದ ಯುವಿ, ಅಂದರೆ ಅತಿನೇರಳೆ ಬೆಳಕಿನ, ಟಾರ್ಚು ಬಂದಿದೆ. ಅದರ ಬೆಳಕು ಹೆಚ್ಚುಪಾಲು ಕಣ್ಣಿಗೆ ಕಾಣುವುದೇ ಇಲ್ಲ. ಕಾಣದಿದ್ದರೆ ರೆಪ್ಪೆಯೂ ಮುಚ್ಚುವುದಿಲ್ಲ. ಅದನ್ನು ಎಂದೂ ಕಣ್ಣಿಗೆ ಹಿಡಿಯಬೇಡಿ.

ಒಬ್ಬ ಹುಡುಗಿ ಕೇಳಿದಳು, "ಸಾರ್, ನೀವೂ ಕಣ್ಣಿಗೆ ಬ್ಯಾಟ್ರಿ ಬಿಡ್ತೀರಲ್ಲ?" ಒಳ್ಳೆ ಪ್ರಶ್ನೆ. ಬಿಡುತ್ತೇವೆ. ಪಾಪೆ ಕುಗ್ಗುತ್ತದೋ ಇಲ್ಲವೋ ನೋಡಲು ಚಿಕ್ಕ ಟಾರ್ಚು ಸಾಕು, ಒಂದೆರಡು ಸೆಕೆಂಡು. ಒಳಗಿನ ರೆಟಿನಾ ನೋಡಲು ಜೋರು ಬೆಳಕೇ ಬೇಕು, ಆದರೆ ಆ ಯಂತ್ರಗಳ ಬೆಳಕಿಗೆ ಮಿತಿ ಕಟ್ಟಿರುತ್ತಾರೆ, ಹೊತ್ತಿಗೂ ಮಿತಿ ಇರುತ್ತದೆ. ಪಾಪೆ ಅಗಲ ಮಾಡುವ ಹನಿ ಹಾಕಿಸಿಕೊಂಡವರು ನಾಲ್ಕಾರು ಗಂಟೆ ಬೈಕು ಓಡಿಸಬಾರದು. ಆ ಹೊತ್ತಿನಲ್ಲಿ ಕಿಂಡಿ ತೆರೆದೇ ಇರುತ್ತದೆ, ಟಾರ್ಚು ಬಿದ್ದರೂ ಕುಗ್ಗುವುದಿಲ್ಲ. ಹಾಗೇ, ಹಳೇ ಕಾಲದ ಪೊರೆ ಆಪರೇಷನ್ ಆಗಿ, ಒಳಗೆ ಲೆನ್ಸು ಇಲ್ಲದೆ ದಪ್ಪ ಕನ್ನಡಕ ಹಾಕುವ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ನೀಲಿ ಮತ್ತು ಯುವಿ ಬೆಳಕನ್ನು ತಡೆಯುವ ಲೆನ್ಸೇ ಅವರಿಗಿಲ್ಲ. ಅವರ ಮುಖಕ್ಕೆ ಬೆಳಕು ಬಿಡುವಾಗ ಎರಡು ಪಟ್ಟು ಎಚ್ಚರ ಬೇಕು.

ಮೊಬೈಲಿನ ಟಾರ್ಚಿನ ಬಗ್ಗೆಯೂ ಕೇಳಿದರು. ಅದು ಚಿಕ್ಕದು, ಹರಡುವ ಬೆಳಕು. ಮಾರು ದೂರದಿಂದ ಮಗುವಿನ ಫೋಟೋ ತೆಗೆದರೆ ಕಣ್ಣು ಹೋಗುವುದಿಲ್ಲ. ಹಾಗೆ ತೆಗೆದ ಫೋಟೋದಲ್ಲಿ ಒಂದು ವಿಷಯ ಗಮನಿಸಿ. ಫ್ಲ್ಯಾಶಿಗೆ ಪಾಪೆ ಕೆಂಪಗೆ ಕಂಡರೆ ಅದು ಸಹಜ. ಒಂದು ಕಣ್ಣಿನಲ್ಲಿ ಮತ್ತೆ ಮತ್ತೆ ಬಿಳಿಯಾಗಿ ಹೊಳೆದರೆ ತಡ ಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಚಿಕ್ಕ ಮಕ್ಕಳ ಕಣ್ಣಿನ ಕ್ಯಾನ್ಸರ್, ಹುಟ್ಟಿನಿಂದ ಬಂದ ಪೊರೆ, ಎರಡೂ ಹೀಗೆ ಕಾಣಿಸಿಕೊಳ್ಳಬಹುದು.

ಟಾರ್ಚಿನಲ್ಲಿ ಪಟಪಟ ಅಂತ ಮಿಣುಕುವ ಮೋಡ್ ಇರುತ್ತದೆ. ಫಿಟ್ಸ್ ಇರುವ ಕೆಲವರಿಗೆ ಅಂಥ ಬೆಳಕು ಫಿಟ್ಸ್ ತರಿಸುತ್ತದೆ. ತಮಾಷೆಗೂ ಯಾರ ಮುಖಕ್ಕೂ ಅದನ್ನು ಬಿಡಬೇಡಿ. ಇನ್ನೊಂದು, ಸ್ಟಾರ್ಟರ್ ಬಾಕ್ಸ್ ಬಿಚ್ಚುವಾಗ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಬಿಡಿ. ಜೋರು ಟಾರ್ಚಿನಲ್ಲಿ ಇರುವುದು ಲಿಥಿಯಂ ಸೆಲ್ಲು. ಕೆಟ್ಟ ಸೆಲ್ಲು ಸಿಡಿದರೆ ಮುಖ, ಹಲ್ಲು, ಕಣ್ಣು ಎಲ್ಲವೂ ಅಲ್ಲೇ ಇವೆ. ಉಬ್ಬಿದ ಸೆಲ್ಲನ್ನು ಚಾರ್ಜಿಗೆ ಹಾಕಲೇಬೇಡಿ.

ಕೊಳ್ಳುವಾಗ ಏನು ನೋಡಬೇಕು ಅಂತ ಕೇಳುತ್ತೀರಿ. ನಡೆಯುವುದಕ್ಕೆ ಐವತ್ತರಿಂದ ನೂರು ಲ್ಯೂಮೆನ್ ಧಾರಾಳ ಸಾಕು. ಒತ್ತಿದ ಕೂಡಲೇ ಮೊದಲು ಮಂದ ಬೆಳಕು ಬರುವ ಟಾರ್ಚು ಒಳ್ಳೆಯದು. ದೂರಕ್ಕೆ ಚಿಮ್ಮುವುದಕ್ಕಿಂತ ಅಗಲಕ್ಕೆ ಹರಡುವ ಬೆಳಕು ಹೊಲಕ್ಕೆ ವಾಸಿ. ತೋಪು ಕಾಯುವವರಿಗೆ ದೂರದ ಬೆಳಕು ಬೇಕಾಗುತ್ತದೆ, ನಿಜ. ಅವರು ಎರಡು ಟಾರ್ಚು ಇಟ್ಟುಕೊಳ್ಳಲಿ.

ಕೊನೆಯಲ್ಲಿ ಒಬ್ಬರು ತಾಯಿ ಎದ್ದು ನಿಂತರು. "ಮಗು ಜೋರು ಬ್ಯಾಟ್ರಿ ನೋಡಿಬಿಟ್ರೆ ಏನ್ ಮಾಡ್ಬೇಕು ಸಾರ್? ಎದೆಹಾಲು ಹಾಕಿದ್ರೆ ತಂಪಾಗುತ್ತೆ ಅಂತಾರೆ."

ಏನೂ ಹಾಕಬೇಡಿಮ್ಮಾ. ಎದೆಹಾಲು ಬೇಡ, ಈರುಳ್ಳಿ ರಸ ಬೇಡ, ಮೆಡಿಕಲ್ ಶಾಪಿನ ಹನಿಯೂ ಬೇಡ. ಪೆಟ್ಟು ಬಿದ್ದಿದ್ದರೆ ಅದು ಕಣ್ಣಿನ ಹಿಂದಿನ ಪರದೆಗೆ, ಮುಂದೆ ಹಾಕಿದ ಹನಿ ಅಲ್ಲಿಗೆ ಮುಟ್ಟಿ ಏನೂ ಮಾಡುವುದಿಲ್ಲ. ಸೋಂಕು ಮಾತ್ರ ಬರಬಹುದು. ಮಗುವನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಉಜ್ಜಲು ಬಿಡಬೇಡಿ. ಬಣ್ಣದ ಮಚ್ಚೆ ಹತ್ತು ಹದಿನೈದು ನಿಮಿಷದಲ್ಲಿ ಹೋದರೆ ಚಿಂತೆ ಇಲ್ಲ. ಆದರೂ ಮಾರನೇ ದಿನ ಒಮ್ಮೆ ಪರೀಕ್ಷೆ ಮಾಡಿ. ಯಾಕೆಂದರೆ ರೆಟಿನಾಗೆ ನೋವು ಗೊತ್ತಾಗುವುದಿಲ್ಲ, ಪೆಟ್ಟು ಬಿದ್ದರೂ ಕಣ್ಣು ನೋಯುವುದಿಲ್ಲ. ತೊಂದರೆ ಕೆಲವು ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳಬಹುದು. ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಅದರ ಚೌಕಗಳನ್ನು ತೋರಿಸಿ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಲಿ, ಆಮೇಲೆ ಅದಲು ಬದಲು. ಗೆರೆ ಡೊಂಕಾಗಿ ಕಂಡರೆ, ನಡುವಿನ ತಾರೀಖು ಮಸುಕಾದರೆ, ಬೂದು ಚುಕ್ಕೆ ಅಲ್ಲೇ ನಿಂತಿದ್ದರೆ ಅವತ್ತೇ ಹೊರಡಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೂ ಹೋಗಬಹುದು. ರೆಟಿನಾದ ಪದರ ಪದರವನ್ನು ತೋರಿಸುವ ಓಸಿಟಿ ಅನ್ನುವ ಸ್ಕ್ಯಾನ್ ಇದೆ, ಅದರಲ್ಲಿ ಪೆಟ್ಟು ಇದ್ದರೆ ಗೊತ್ತಾಗುತ್ತದೆ.

ಹೋಗುವಾಗ ಆ ಟಾರ್ಚನ್ನೋ ಲೇಸರನ್ನೋ ಚೀಲದಲ್ಲಿ ಹಾಕಿಕೊಂಡು ಹೋಗಿ. ಡಬ್ಬಿ ಇದ್ದರೆ ಅದನ್ನೂ. ಎಷ್ಟು ಹತ್ತಿರ ಹಿಡಿದಿತ್ತು, ಎಷ್ಟು ಹೊತ್ತು ನೋಡಿತು, ಯಾವ ಬಣ್ಣದ ಬೆಳಕು ಅಂತ ಮಗುವನ್ನು ಬೈಯದೆ ಕೇಳಿ ತಿಳಿದುಕೊಳ್ಳಿ. ಬೈದರೆ ಮಕ್ಕಳು ಲೇಸರ್ ವಿಷಯ ಮುಚ್ಚಿಡುತ್ತಾರೆ, ಮತ್ತೆ ನಾವು ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ.